ಗಾಡ್ಜಿಲ್ಲಾ ಕಾಲೂರಿದ ನೆಲ

ಗಾಡ್ಜಿಲ್ಲಾ ತೆರೆಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಅದರ ಪಾದಕ್ಕೆ. ಮುಖ, ಬೆನ್ನ ಮೇಲಿನ ಮುಳ್ಳುಗಳು, ಬಾಯಿಂದ ಹೊರಡುವ ನೀಲಿ ಜ್ವಾಲೆ ಎಲ್ಲ ಆಮೇಲೆ. ಅಷ್ಟು ದೊಡ್ಡ ಪ್ರಾಣಿ ಹೆಜ್ಜೆ ಇಟ್ಟಾಗ ನೆಲಕ್ಕೆ ಅದರ ಭಾರ ತಿಳಿಯಿತೇ? ಡಾಂಬರು ಕುಸಿಯಿತೇ? ಪಕ್ಕದ ಕಾರು ಒಂದು ಗಳಿಗೆ ತಡವಾಗಿ ಅಲುಗಿತೇ? ಎದ್ದ ಧೂಳು ಮತ್ತೆ ಕೂರಲು ತಕ್ಕಷ್ಟು ಹೊತ್ತು ತೆಗೆದುಕೊಂಡಿತೇ? ಇಷ್ಟು ಸರಿಯಿದ್ದರೆ ಕತೆ ಅಲ್ಲಲ್ಲಿ ಸಡಿಲವಾದರೂ ಸಹಿಸಿಕೊಳ್ಳುತ್ತೇನೆ. ಪಾದ ನೆಲದ ಮೇಲೆ ಜಾರಿದರೆ ಮಾತ್ರ ಆ ಸಿನಿಮಾ ನನ್ನ ಪಾಲಿಗೆ ಅಲ್ಲೇ ಮುಗಿಯಿತು.

ಬೆಂಗಳೂರಿನ ಸಹಕಾರನಗರದಲ್ಲಿ ಇದನ್ನು ಹೇಳಿದರೆ ಕೇಳುವ ಕಿವಿಗಳಿವೆ. ಹಿಂದೆ ಈ ಕಡೆಯವರಿಗೆ ಇಂಗ್ಲಿಷ್ ಸಿನಿಮಾ ಅಂದರೆ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ. ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ, ಸಿಂಫನಿ. ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸು ಹತ್ತಿದರೆ ಇಡೀ ದಿನ ಅದಕ್ಕೇ ಮೀಸಲು. ಪ್ಲಾಜಾ ಇದ್ದ ಜಾಗ ಮೆಟ್ರೊ ನಿಲ್ದಾಣಕ್ಕೆ ಹೋಯಿತು, ರೆಕ್ಸ್ 2018ರ ಕೊನೆಯಲ್ಲಿ ಬಾಗಿಲು ಹಾಕಿತು. ಈಗ ಬಳ್ಳಾರಿ ರಸ್ತೆಯಲ್ಲಿ, ಬ್ಯಾಟರಾಯನಪುರದ ಬಳಿ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಮಾಲ್ ಆಫ್ ಏಷ್ಯಾದಲ್ಲಿ ಡಜನ್‌ಗೂ ಹೆಚ್ಚು ಪರದೆಗಳಿವೆ. ಇಲ್ಲಿನ ಹುಡುಗ ಹುಡುಗಿಯರು ದೈತ್ಯ ಪ್ರಾಣಿಗಳ ಸಿನಿಮಾ ನೋಡಿ ಬಂದು ಯಾವುದು ಅಸಲಿ ಗಾಡ್ಜಿಲ್ಲಾ, ಯಾವುದು ನಕಲಿ ಎಂದು ಕಾಫಿ ಆರುವವರೆಗೂ ವಾದಿಸುತ್ತಾರೆ. ಜಪಾನಿನದೇ ಶ್ರೇಷ್ಠ ಎನ್ನುವವರೊಂದು ಕಡೆ, ಹಾಲಿವುಡ್‌ನವರು 2014ರಲ್ಲಿ ಹೊಸದಾಗಿ ಶುರು ಮಾಡಿದ ಸರಣಿಯೇ ಮೇಲು ಎನ್ನುವವರು ಇನ್ನೊಂದು ಕಡೆ. ಈ ಜಗಳ ನನಗೆ ಬಹಳ ಇಷ್ಟ. ಆದರೆ ಇದರಲ್ಲಿ ಬೆಂಗಳೂರಿನ ಹೆಸರು ಬರಲೇಬೇಕಾದ ಜಾಗವೊಂದಿದೆ. ಅಲ್ಲಿ ಅದು ಬರುವುದೇ ಇಲ್ಲ.

ಮೂಲದಿಂದ ಹೇಳಬೇಕು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೊಜನ್ ಬಾಂಬ್ ಪರೀಕ್ಷಿಸಿತು. ಅದರ ವಿಕಿರಣದ ಬೂದಿ ಜಪಾನಿನ ಮೀನುಗಾರರ ಹಡಗೊಂದರ ಮೇಲೆ ಸುರಿಯಿತು. ಅದೇ ವರ್ಷ ನವೆಂಬರ್ 3ಕ್ಕೆ ಇಶಿರೊ ಹೊಂಡಾ ಅವರ ಗಾಡ್ಜಿಲ್ಲಾ ತೆರೆ ಕಂಡಿತು. ಎತ್ತರ 50 ಮೀಟರ್. ನೂರು ಕಿಲೊ ಆಸುಪಾಸಿನ ರಬ್ಬರ್ ವೇಷದೊಳಗೆ ಹರುವೊ ನಕಾಜಿಮಾ ಎಂಬ ನಟ, ಸುತ್ತ 1:25 ಅಳತೆಯಲ್ಲಿ ಕಟ್ಟಿದ ಟೋಕಿಯೊ. ತಂತ್ರದ ಹೊಣೆ ಹೊತ್ತ ಐಜಿ ತ್ಸುಬುರಾಯಾ ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ ಚಿತ್ರೀಕರಿಸಿದರು. ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಮನುಷ್ಯನ ಹೆಜ್ಜೆ ನಿಧಾನವಾಗಿ, ಅದರ ಕೆಳಗೆ ಬಿದ್ದ ಗೋಡೆಯೂ ನಿಧಾನವಾಗಿ ಕುಸಿದು, ಭಾರ ಹುಟ್ಟಿತು. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ತಂತಿ ಉಜ್ಜಿ ಗರ್ಜನೆ ತೆಗೆದರು. ಎಪ್ಪತ್ತು ವರ್ಷ ಕಳೆದರೂ ಆ ದನಿಗೆ ಮೈ ಜುಮ್ಮೆನ್ನುತ್ತದೆ.

1998ರಲ್ಲಿ ರೋಲಂಡ್ ಎಮೆರಿಕ್ ಅಮೆರಿಕದಲ್ಲಿ ಇದನ್ನು ಮತ್ತೆ ಮಾಡಿದರು. ಪ್ರಾಣಿ ಕಂಪ್ಯೂಟರಿನದು, ಓಟ ಓತಿಕ್ಯಾತದ್ದು. ಅಷ್ಟೆತ್ತರದ ಜೀವ ನ್ಯೂಯಾರ್ಕಿನ ಬೀದಿಗಳಲ್ಲಿ ಅಷ್ಟು ಚುರುಕಾಗಿ ತಿರುಗಿ ಓಡಿದ ಮೇಲೆ ಭಾರ ಎಲ್ಲಿಂದ ಬರಬೇಕು? ಅಭಿಮಾನಿಗಳು ಒಪ್ಪಲಿಲ್ಲ. ಹಕ್ಕುದಾರರಾದ ತೋಹೊ ಸಂಸ್ಥೆಯವರು ಮುಂದೆ ಆ ಪ್ರಾಣಿಗೆ ಬರೀ ಜಿಲ್ಲಾ ಎಂದು ಬೇರೆ ಹೆಸರಿಟ್ಟರು. 2004ರ ‘ಫೈನಲ್ ವಾರ್ಸ್’ ಚಿತ್ರದಲ್ಲಿ ಅಸಲಿ ಗಾಡ್ಜಿಲ್ಲಾ ಅದನ್ನು ಸಿಡ್ನಿಯಲ್ಲಿ ಕ್ಷಣಾರ್ಧದಲ್ಲಿ ಮುಗಿಸಿತು. ಅಭಿಮಾನದ ಸಿಟ್ಟು ಕತೆಯೊಳಗೇ ನುಗ್ಗಿ ಲೆಕ್ಕ ಚುಕ್ತಾ ಮಾಡಿದ ಇಂಥ ಪ್ರಸಂಗ ಸಿನಿಮಾದಲ್ಲಿ ಅಪರೂಪ.

2014ರ ಮೇ ತಿಂಗಳಲ್ಲಿ ಗ್ಯಾರೆತ್ ಎಡ್ವರ್ಡ್ಸ್ ಅವರ ಚಿತ್ರ ಬಂತು. ಈ ಸಲ ಎತ್ತರ 108 ಮೀಟರ್. ಎರಡು ಗಂಟೆಯ ಚಿತ್ರದಲ್ಲಿ ಗಾಡ್ಜಿಲ್ಲಾ ಪೂರ್ತಿಯಾಗಿ ಕಾಣಲು ಸುಮಾರು ಒಂದು ಗಂಟೆ ಕಾಯಬೇಕು. ಬೆನ್ನ ಮುಳ್ಳು ನೀರು ಸೀಳುತ್ತದೆ, ಸಿಗ್ನಲ್ ಫ್ಲೇರ್‌ಗಳ ಬೆಳಕಿನಲ್ಲಿ ಹೊಟ್ಟೆಯ ಒಂದು ಭಾಗ ಹಾದು ಮರೆಯಾಗುತ್ತದೆ, ಪಾದ ಬಂದು ಊರುತ್ತದೆ. ಬಹಳ ಜನ ಇದಕ್ಕೆ ಗೊಣಗಿದರು. ನನಗೆ ಚಿತ್ರದ ಪ್ರಾಣವೇ ಅದು. ತೆಂಕುತಿಟ್ಟಿನ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ತೆರೆಯ ಮೇಲುಗಡೆ ಕಿರೀಟದ ತುದಿ ಕಾಣುತ್ತದೆ, ಆಮೇಲೆ ಬೆರಳು, ಚೆಂಡೆ ಏರುತ್ತದೆ, ದೊಂದಿಗೆ ರಾಳದ ಪುಡಿ ಬಿದ್ದು ಬೆಂಕಿ ಭಗ್ಗೆನ್ನುತ್ತದೆ. ಬರುವವನು ಯಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಮುಖ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ಹಳೆಯ ಕತೆಯನ್ನು ಮತ್ತೆ ಎತ್ತಿಕೊಳ್ಳುವವನಿಗೆ ಇದು ತಿಳಿದಿರಬೇಕು.

ಆ ಪಾದದ ವಿಷಯಕ್ಕೆ ಬರುತ್ತೇನೆ. 2014ರ ಗಾಡ್ಜಿಲ್ಲಾವನ್ನೂ ಅದರ ಎದುರಾಳಿ ಮ್ಯೂಟೋಗಳನ್ನೂ ಕಂಪ್ಯೂಟರಿನಲ್ಲಿ ಕಟ್ಟಿದ್ದು ಲಂಡನ್ ಮೂಲದ ಎಂಪಿಸಿ. ಟೆಕ್ನಿಕಲರ್ ಒಡೆತನದ ಆ ಸಂಸ್ಥೆ 2010ರ ಹೊತ್ತಿಗೆ ಬೆಂಗಳೂರಿನಲ್ಲಿ ತನ್ನ ಸ್ಟುಡಿಯೊ ತೆರೆದಿತ್ತು. ಲಂಡನ್, ವ್ಯಾಂಕೂವರ್, ಬೆಂಗಳೂರು ಎಂದು ಕೆಲಸ ಹಗಲೂ ರಾತ್ರಿ ಕೈ ಬದಲಾಯಿಸುತ್ತಿತ್ತು. ಇಲ್ಲಿಗೆ ಹೆಚ್ಚಾಗಿ ಬರುತ್ತಿದ್ದುದು ರೋಟೊ, ಪೇಂಟ್, ಮ್ಯಾಚ್‌ಮೂವ್. ಈ ಹೆಸರುಗಳು ಸಿನಿಮಾ ವಿಮರ್ಶೆಗಳಲ್ಲಿ ಕಾಣುವುದಿಲ್ಲ. ಅವುಗಳ ಕೆಲಸ ಕಣ್ಣಿಗೆ ಬಿದ್ದರೆ ಅದು ಸರಿಯಾಗಿಲ್ಲವೆಂದೇ ಅರ್ಥ.

ಮ್ಯಾಚ್‌ಮೂವ್ ಅಂದರೇನು? ಶೂಟಿಂಗ್‌ನಲ್ಲಿ ಕ್ಯಾಮೆರಾ ಯಾರದೋ ಹೆಗಲ ಮೇಲೆ ನಡುಗುತ್ತಾ ಸಾಗಿರುತ್ತದೆ. ರಸ್ತೆ ಇದೆ, ಓಡುವ ಜನ ಇದ್ದಾರೆ, ಗಾಡ್ಜಿಲ್ಲಾ ಇಲ್ಲ. ಅದನ್ನು ಅಲ್ಲಿ ನಿಲ್ಲಿಸಬೇಕಾದರೆ ಕಂಪ್ಯೂಟರಿನೊಳಗೆ ಅದೇ ಲೆನ್ಸಿನ, ಅದೇ ನಡುಕದ ಇನ್ನೊಂದು ಕ್ಯಾಮೆರಾ ಹುಟ್ಟಬೇಕು. ರಸ್ತೆಯ ಏರುತಗ್ಗು, ಗೋಡೆಯ ದೂರ, ಎಲ್ಲದರ ಅಳತೆ ಹಿಡಿಯಬೇಕು. ಈ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಪ್ರಾಣಿಯ ಪಾದ ನೆಲದಿಂದ ಜಾರುತ್ತದೆ. ಅನಿಮೇಟರ್ ಎಷ್ಟೇ ಜಾಣನಾಗಿದ್ದರೂ ಅಲ್ಲಿ ಏನೂ ಮಾಡಲಾರ. ರೋಟೊ ಇನ್ನೂ ತಾಳ್ಮೆಯ ಕೆಲಸ. ಓಡುವ ಹೆಂಗಸಿನ ಹಿಂದೆ ಪ್ರಾಣಿ ಬರಬೇಕೆಂದರೆ ಅವಳ ಅಂಚನ್ನು, ಹಾರುವ ಕೂದಲೂ ಸೇರಿದಂತೆ, ಒಂದೊಂದು ಫ್ರೇಮಿನಲ್ಲೂ ಗೆರೆ ಎಳೆದು ಬಿಡಿಸಬೇಕು. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್‌ಗೆ 120. ಮಳೆ, ಹೊಗೆ ಇದ್ದರೆ ಕೇಳುವುದೇ ಬೇಡ. ಪೇಂಟ್‌ನವರು ತಂತಿ, ಗುರುತಿನ ಚುಕ್ಕೆ, ಶೂಟಿಂಗ್ ದೀಪ ಎಲ್ಲವನ್ನೂ ಅಳಿಸಿ ಅದರ ಹಿಂದಿದ್ದ ಗೋಡೆಯನ್ನು ಮತ್ತೆ ಬರೆಯುತ್ತಾರೆ.

ಅಭಿಮಾನಿಗಳಲ್ಲಿ ಹೆಚ್ಚಿನವರಿಗೆ ಎಡ್ವರ್ಡ್ಸ್ ಗೊತ್ತು, ಮುಂದಿನ ಭಾಗಗಳ ಮೈಕಲ್ ಡಾಹರ್ಟಿ, ಆ್ಯಡಮ್ ವಿಂಗಾರ್ಡ್ ಗೊತ್ತು. ಕೊನೆಯಲ್ಲಿ ಸರಸರನೆ ಮೇಲೇರುವ ಆ ಉದ್ದನೆಯ ಪಟ್ಟಿಯಲ್ಲಿ ನಮ್ಮೂರಿನಲ್ಲಿ ಕೂತು ದುಡಿದವರ ಹೆಸರುಗಳ ಸಾಲೇ ಇರುವುದು ಗೊತ್ತಿಲ್ಲ. ಎಂಪಿಸಿಯವರೇ ದುಡಿದ ಇನ್ನೊಂದು ಚಿತ್ರ, 2015ರ ‘ಟರ್ಮಿನೇಟರ್ ಜೆನಿಸಿಸ್’ ನೆನಪಿದೆಯೇ? ಅದೂ ಹಳೆಯ ಸರಣಿಗೆ ಹೊಸ ಆರಂಭ ಕೊಡಹೊರಟ ಚಿತ್ರ. ಕತೆ ಗೋಜಲಾಗಿ ಸೋತಿತು. ಆದರೆ 1984ರ ಹರೆಯದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತೆ ನಡೆದು ಬರುವ ಕೆಲವು ನಿಮಿಷಗಳನ್ನು ಎಂಪಿಸಿಯವರು ಕಟ್ಟಿದ ರೀತಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕುಸಿಯಿತು. ಎಂಪಿಸಿ ಕೆಲಸ ಮಾಡಿದ ‘ಮುಫಾಸಾ’ ಚಿತ್ರಮಂದಿರಕ್ಕೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಬೆಂಗಳೂರಿನ ಬಾಗಿಲೂ ಮುಚ್ಚಿತು. ಭಾರತದಲ್ಲಿ ಸುಮಾರು 3,000 ಮಂದಿ ಕೆಲಸ ಕಳೆದುಕೊಂಡರೆಂದು ಪತ್ರಿಕೆಗಳು ಬರೆದವು. ಅದು ವ್ಯಾಪಾರ ಪುಟದ ಸುದ್ದಿಯಾಗಿ ಮುಗಿದುಹೋಯಿತು. ಸಿನಿಮಾ ಪುಟದಲ್ಲಿ, ಅಭಿಮಾನಿಗಳ ಮಾತಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಒಬ್ಬ ನಟ ಸರಣಿಯಿಂದ ಹೊರಬಿದ್ದರೆ ವಾರಗಟ್ಟಲೆ ಚರ್ಚಿಸುವವರು ನಾವು. ನಮ್ಮ ನೆಚ್ಚಿನ ಪ್ರಾಣಿಗೆ ನೆಲ ಅಳೆದುಕೊಟ್ಟವರು ಬೀದಿಗೆ ಬಂದಾಗ ಸುಮ್ಮನಿದ್ದೆವು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಅದಕ್ಕೇ, ‘ಗಾಡ್ಜಿಲ್ಲಾ ಮೈನಸ್ ಒನ್’ ಹೆಸರು ಹೇಳಿ ಹಾಲಿವುಡ್‌ನ ವಿಎಫ್‌ಎಕ್ಸ್ (ದೃಶ್ಯ ಪರಿಣಾಮ) ಕೆಲಸಗಾರರನ್ನು ಹಳಿಯುವ ವಾದ ನನಗೆ ಹಿಡಿಸುವುದಿಲ್ಲ. 2023ರ ಆ ಜಪಾನಿ ಚಿತ್ರ ಅಪ್ಪಟ ಚಿನ್ನ. 35 ಕಲಾವಿದರು, 610 ಶಾಟ್‌ಗಳು, ಸಣ್ಣ ಬಜೆಟ್. 2024ರ ಮಾರ್ಚ್‌ನಲ್ಲಿ ವಿಎಫ್‌ಎಕ್ಸ್ ಆಸ್ಕರ್ ಗೆದ್ದಿತು, ಈ ಸರಣಿಗೆ ಅದೇ ಮೊದಲ ಆಸ್ಕರ್. ಆದರೆ ಅದರ ಗುಟ್ಟನ್ನು ನೋಡಿ. ನಿರ್ದೇಶಕ ತಕಾಶಿ ಯಮಜಾಕಿ ಅವರೇ ವಿಎಫ್‌ಎಕ್ಸ್ ಮುಖ್ಯಸ್ಥರು. ನಿರ್ದೇಶಕರೊಬ್ಬರು ಈ ಆಸ್ಕರ್ ಪಡೆದದ್ದು ಸ್ಟ್ಯಾನ್ಲಿ ಕ್ಯೂಬ್ರಿಕ್ ನಂತರ ಇದೇ ಮೊದಲು. ಕಲಾವಿದರ ಪಕ್ಕದಲ್ಲೇ ಕೂತ ನಿರ್ದೇಶಕ ಬೇಕು, ಬೇಡ ಎಂದು ಅಲ್ಲೇ ಹೇಳಿಬಿಡುತ್ತಾನೆ. ಬೆಂಗಳೂರಿನಲ್ಲಿ ಕೂತವನಿಗೆ ಆ ಭಾಗ್ಯವಿರಲಿಲ್ಲ. ಸಮುದ್ರದಾಚೆ ಯಾರೋ ಶಾಟ್ ಬದಲಿಸಿದರೆ ಬಿಡಿಸಿಟ್ಟ ಗೆರೆಗಳೆಲ್ಲ ವ್ಯರ್ಥ, ಮತ್ತೆ ಮೊದಲ ಫ್ರೇಮಿನಿಂದ ಶುರು. ಮೂವತ್ತೈದು ಜನ ಸಾಕಾದದ್ದು ನಿರ್ಧಾರಗಳು ಗಟ್ಟಿಯಾಗಿದ್ದುದರಿಂದ. ಅದನ್ನು ಬೆಂಗಳೂರಿನವರ ಕೈಗುಣದ ಕೊರತೆ ಎಂದು ಓದುವುದು ಅನ್ಯಾಯ.

ಇನ್ನೊಂದು ಮಾತು ಉಳಿದಿದೆ. 2021ರ ಮಾರ್ಚ್‌ನಲ್ಲಿ ಕೊರೊನಾದ ಎರಡು ಅಲೆಗಳ ನಡುವೆ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ಬಿಡುಗಡೆಯಾಯಿತು. 2024ರ ಮಾರ್ಚ್‌ನಲ್ಲಿ ಅದರ ಮುಂದುವರಿಕೆ ‘ದಿ ನ್ಯೂ ಎಂಪೈರ್’ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಲ್ಲ ಇತ್ತು, ಕನ್ನಡ ಕಾಣಲಿಲ್ಲ. ‘ಅವತಾರ್’ ಎರಡನೆಯ ಭಾಗ 2022ರಲ್ಲೇ ಕನ್ನಡ ಮಾತಾಡಿತ್ತು. ಗಾಡ್ಜಿಲ್ಲಾ ಸರಣಿಯ ಮುಂದಿನ ಭಾಗ ‘ಸೂಪರ್‌ನೋವಾ’ವನ್ನು 2027ರ ಮಾರ್ಚ್‌ಗೆ ಘೋಷಿಸಿದ್ದಾರೆ. ಟಿಕೆಟ್ ಶುರುವಾಗುವ ಮೊದಲೇ ವಿತರಕರಿಗೆ ಕನ್ನಡ ಬೇಕೆಂದು ಬರೆಯಿರಿ, ನಾನೂ ಬರೆಯುತ್ತೇನೆ. ಮಲ್ಟಿಪ್ಲೆಕ್ಸಿನವರಿಗೂ ಒಂದು ಕೋರಿಕೆ: ಕೊನೆಯ ಹೆಸರು ಮೇಲೇರುವವರೆಗೆ ದೀಪ ಹಾಕಬೇಡಿ, ಕಸದ ಚೀಲ ಹಿಡಿದ ಹುಡುಗರನ್ನು ಒಳಗೆ ಕಳಿಸಬೇಡಿ. ಅವರಿಗೂ ಹತ್ತು ನಿಮಿಷ ವಿಶ್ರಾಂತಿ ಸಿಗಲಿ.