ತೊಗಲುಗೊಂಬೆ: ಚರ್ಮ ಮತ್ತು ಬೆಳಕು

ಮೃತಪ್ರಾಣಿಯ ಶರೀರಾಂಶವನ್ನು ಕಲೆಯ ಸಾಮಗ್ರಿಯನ್ನಾಗಿ ಮಾಡಿಕೊಳ್ಳುವ ಪ್ರವೃತ್ತಿ ಬಹು ಪ್ರಾಚೀನವಾದುದು. ಆದರೆ ಕಲಾವಿದನು ಆ ಅಂಶದಿಂದ ಉಳಿಸಿಕೊಳ್ಳುವುದೇನು, ಬಿಟ್ಟುಕೊಡುವುದೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಮೆರಿಕದ ಶಿಲ್ಪಿ ನ್ಯಾನ್ಸಿ ಗ್ರೇವ್ಸ್ (1939–1995) ಅವರು ಒಂಟೆಯ ಎಲುಬುಗಳ ಆಕಾರವನ್ನು ಕಂಚಿನ ಎರಕಕ್ಕೆ ಇಳಿಸಿದರು. ಅಲ್ಲಿ ಉಳಿದುದು ಎಲುಬಿನ ಆಕಾರ, ಎಲುಬಲ್ಲ. ನಮ್ಮ ಕೊಪ್ಪಳ ಸೀಮೆಯ ತೊಗಲುಗೊಂಬೆಯಲ್ಲಿ ನಡೆಯುವ ಕ್ರಿಯೆ ಇದಕ್ಕೆ ವಿಪರೀತವಾದುದು. ಇಲ್ಲಿ ಆಡಿನ ಚರ್ಮ ಉಳಿಯುತ್ತದೆ. ಆಡಿನ ಆಕಾರ ಅಳಿದು ರಾಮನೋ ರಾವಣನೋ ಮೂಡುತ್ತಾನೆ. ಈ ಭೇದವನ್ನು ಲಕ್ಷಿಸದೆ ತೊಗಲುಗೊಂಬೆಯ ಮೌಲ್ಯವನ್ನು ನಿರ್ಣಯಿಸಲಾಗದೆಂಬುದು ನಮ್ಮ ಅಭಿಪ್ರಾಯ.

ಗೊಂಬೆಯ ರಚನೆಯೇ ಇದಕ್ಕೆ ಸಾಕ್ಷಿ. ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದಾಗ ಅದು ಬೆಳಕನ್ನು ಒಳಬಿಡುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕೃತಿಯನ್ನು ಬರೆದು, ಉಳಿಯಿಂದ ರಂಧ್ರಗಳನ್ನು ಕೊರೆದು, ಎರಡೂ ಪಾರ್ಶ್ವಗಳಿಗೆ ಬಣ್ಣ ಕಟ್ಟುತ್ತಾರೆ. ಕಿರೀಟದ ಮಣಿಗಳು, ಕೊರಳ ಹಾರ, ಸೀರೆಯ ಅಂಚು, ಇವೆಲ್ಲ ಬಹುಮಟ್ಟಿಗೆ ಬರೆದವಲ್ಲ, ಕೊರೆದವು. ದೀಪವು ಹಿಂದಿನಿಂದ ಬೆಳಗಿದಾಗ ಆ ರಂಧ್ರಗಳಲ್ಲಿ ಹೊಳೆಯುವ ಬೆಳಕೇ ಆಭರಣವಾಗುತ್ತದೆ. ಪಾತ್ರದ ಘನತೆಗೆ ಅನುಗುಣವಾಗಿ ಗೊಂಬೆಯ ಗಾತ್ರವೂ ಭಿನ್ನವಾಗುತ್ತದೆ. ಅರಸನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು.

ಇದೇ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಯೊಡನೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಲೇಪವನ್ನು ಬಳಿದು, ಮರದ ಮೈಯನ್ನು ಪೂರ್ಣವಾಗಿ ಮರೆಮಾಡಿ ಬಣ್ಣ ಹಾಕುತ್ತಾರೆ. ಬೆಳಕು ಹೊರಗಿನಿಂದ ಬಿದ್ದು ಮೇಲ್ಮೈಯಿಂದ ಹಿಂದಿರುಗುತ್ತದೆ. ತೊಗಲುಗೊಂಬೆಯಲ್ಲಾದರೋ ಬೆಳಕು ಮೈಯನ್ನು ಹಾದುಬರಬೇಕು. ಆದಕಾರಣ ಒಂದನ್ನು ಹಗಲಿನಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ಇನ್ನೊಂದಕ್ಕೆ ಇರುಳು, ದೀಪ ಮತ್ತು ಬಿಳಿಯ ಪರದೆ ಅವಶ್ಯಕ. ಬೆಳಕನ್ನು ತಡೆಯುವ ದಟ್ಟವಾದ ಬಣ್ಣವನ್ನು ಬಳಿದ ಗೊಂಬೆ ಗೋಡೆಯ ಮೇಲೆ ಎಷ್ಟೇ ಸೊಗಸಾಗಿ ಕಂಡರೂ ಆಟದಲ್ಲಿ ಕೇವಲ ಕಪ್ಪುನೆರಳಾಗಿ ಉಳಿಯುತ್ತದೆ. ಅಂತೆಯೇ ಎಣ್ಣೆದೀಪದ ಅಲುಗಾಟದಿಂದ ಗೊಂಬೆಯ ಮುಖಕ್ಕೆ ಬರುತ್ತಿದ್ದ ಉಸಿರು ವಿದ್ಯುದ್ದೀಪದ ನಿಶ್ಚಲ ಪ್ರಕಾಶದಲ್ಲಿ ಅಷ್ಟಾಗಿ ಕಾಣದು.

ಈ ವಿವೇಚನೆ ಈಗ ಅಗತ್ಯವಾಗಿರುವುದಕ್ಕೆ ಕಾರಣವುಂಟು. ಕೊಪ್ಪಳ ಜಿಲ್ಲೆಯ ಮೊರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ದೇಶವಿದೇಶಗಳಲ್ಲಿ ಆಡಿಸಿದ ಅವರಿಗೆ ಸಂದ ಈ ಗೌರವ ಸರ್ವಥಾ ಯೋಗ್ಯವಾದುದು. ಆದರೆ ಗೌರವದ ಹಿಂದೆಯೇ ಸಂಗ್ರಹಕಾರನೂ ಬರುತ್ತಾನೆ. ಚೌಕಟ್ಟಿನಲ್ಲಿಟ್ಟ ಗೊಂಬೆ ಸುರಕ್ಷಿತ. ಆದರೆ ಅದು ಕಂಚಿನ ಎಲುಬಿನಂತೆ ಆಕಾರಮಾತ್ರವಾಗಿ ಉಳಿದೀತು. ಎಂ. ಎಸ್. ನಂಜುಂಡರಾವ್ ಅವರ ಪರಿಶ್ರಮದಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸೇರಿದ ಗೊಂಬೆಗಳ ಸಂಗ್ರಹವು ನಾಶವನ್ನು ತಡೆದ ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಚರ್ಮವನ್ನು ಕಾಪಾಡುವುದು ಬೇರೆ, ಆಟವನ್ನು ಕಾಪಾಡುವುದು ಬೇರೆ. ಗೊಂಬೆಯನ್ನು ಕುಣಿಸುವ ಕೈ, ಹಾಡುವ ಕಂಠ, ನಡುವೆ ನುಗ್ಗಿ ನಗಿಸುವ ಕಿಳ್ಳೇಕ್ಯಾತನ ಮಾತು, ಇವು ಯಾವ ಪೆಟ್ಟಿಗೆಯಲ್ಲಿಯೂ ಹಿಡಿಯುವುದಿಲ್ಲ.

ಆದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಗೊಂಬೆಗಳನ್ನು ಎಣಿಸಿ ಪಟ್ಟಿ ಮಾಡುವುದರಲ್ಲಿಯೇ ತೃಪ್ತರಾಗಬಾರದು. ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿ, ಯಾವ ದೀಪ, ಯಾವ ಹಾಡು, ಯಾವ ಗೊಂಬೆ ಎಲ್ಲಿ ಬಂದಿತೆಂಬುದನ್ನು ಬರೆದಿಡಲಿ. ಗೊಂಬೆಯ ಗುಣದೋಷಗಳ ಪರೀಕ್ಷೆ ಪರದೆಯ ಮೇಲೆ ನಡೆಯಬೇಕೇ ಹೊರತು ಗೋಡೆಯ ಮೇಲಲ್ಲ.