ಗಾಳಿ ಎಲ್ಲಿಂದ ಬರಬೇಕು

ಡೆಸ್ಕ್‌ಟಾಪ್ ಕಂಪ್ಯೂಟರಿನ ಧೂಳಿನ ಮಾತು ಬಂತೆಂದರೆ ಚರ್ಚೆ ಯಾವ ಬ್ಲೋವರ್ ಒಳ್ಳೆಯದು, ಎಷ್ಟು ತಿಂಗಳಿಗೊಮ್ಮೆ ಬಿಚ್ಚಿ ಊದಬೇಕು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಸೇರಿದ ಧೂಳನ್ನು ತೆಗೆಯುವ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ; ಅದು ಯಾವ ದಾರಿಯಲ್ಲಿ ಒಳಬಂತು ಎಂದು ಕೇಳುವವರು ಕಡಿಮೆ. ಧೂಳು ತಾನಾಗಿ ಬಂದು ಕೂರುವುದು ಅಲ್ಪ, ನಮ್ಮ ಫ್ಯಾನುಗಳು ಎಳೆದು ತರುವುದೇ ಬಹುಪಾಲು. ಪೂರ್ತಿ ದುಡಿಯುವಾಗ 300 ವಾಟ್ ಸೆಳೆಯುವ ಯಂತ್ರವನ್ನು ತೆಗೆದುಕೊಳ್ಳಿ. ಅಷ್ಟೂ ಶಾಖವಾಗಿ ಹೊರಗೆ ಹೋಗಲೇಬೇಕು. ಒಳಹೊಕ್ಕ ಗಾಳಿ 10 ಡಿಗ್ರಿಯಷ್ಟು ಬಿಸಿಯಾಗಿ ಹೊರಬೀಳಲಿ ಎಂದಿಟ್ಟುಕೊಂಡರೂ ಸೆಕೆಂಡಿಗೆ ಸುಮಾರು 25 ಲೀಟರ್, ಗಂಟೆಗೆ 90 ಘನ ಮೀಟರ್ ಗಾಳಿ ಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವುದೇ 34 ಘನ ಮೀಟರ್. ಕೋಣೆಯಲ್ಲಿರುವಷ್ಟು ಗಾಳಿಯನ್ನು ಆ ಪೆಟ್ಟಿಗೆ ಅರ್ಧ ಗಂಟೆಯೊಳಗೆ ನುಂಗಿ ಉಗುಳುತ್ತದೆ. ಬಟ್ಟೆಯ ಎಳೆ, ತಲೆಗೂದಲು, ಚರ್ಮದ ಹೊಟ್ಟು, ರಸ್ತೆಯ ಮಣ್ಣು, ಊದುಬತ್ತಿಯ ಮಸಿ, ಒಗ್ಗರಣೆಯ ಎಣ್ಣೆಹೊಗೆ ಎಲ್ಲವೂ ಆ ಗಾಳಿಯೊಂದಿಗೇ ಹೊರಟಿರುತ್ತವೆ. ಇವುಗಳಲ್ಲಿ ನಿಜವಾದ ಕಿಡಿಗೇಡಿ ಮಣ್ಣಲ್ಲ, ಎಳೆ. ಹೀಟ್‌ಸಿಂಕಿನ ತೆಳು ರೆಕ್ಕೆಗಳ ನಡುವಿನ ಸಂದಿಗೆ ಮೊದಲು ಎಳೆ ಅಡ್ಡಬೀಳುತ್ತದೆ, ಅದರ ಮೇಲೆ ನುಣ್ಣನೆ ಧೂಳು ಕೂರುತ್ತದೆ, ಎಣ್ಣೆಹೊಗೆ ಎರಡನ್ನೂ ಅಂಟಿಸಿ ಕಂಬಳಿಯಂತೆ ಹೆಣೆಯುತ್ತದೆ. ಆಮೇಲೆ ಪ್ರೊಸೆಸರ್ ಬಿಸಿಯಾಗಿ ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ, ಇನ್ನಷ್ಟು ಧೂಳನ್ನು ಎಳೆಯುತ್ತದೆ.

ಇಷ್ಟು ಗಾಳಿ ಬೇಕೇ ಬೇಕೆಂದ ಮೇಲೆ ಉಳಿಯುವ ಪ್ರಶ್ನೆ, ಅದು ಎಲ್ಲಿಂದ ಬರಬೇಕು ಎಂಬುದು. ಹೊರದೂಡುವ ಫ್ಯಾನುಗಳ ಬಲ ಹೆಚ್ಚಿದ್ದರೆ ಪೆಟ್ಟಿಗೆಯೊಳಗಿನ ಒತ್ತಡ ಕೋಣೆಯದಕ್ಕಿಂತ ಒಂದಿಷ್ಟು ಇಳಿಯುತ್ತದೆ. ಕೊರತೆಯಾದ ಗಾಳಿ ಸಿಕ್ಕಸಿಕ್ಕ ಸಂದಿಯಿಂದ ನುಗ್ಗುತ್ತದೆ: ಯುಎಸ್‌ಬಿ ಕಿಂಡಿ, ಡಿವಿಡಿ ಡ್ರೈವಿನ ಬಾಯಿ, ಪವರ್ ಬಟನ್ನಿನ ಸುತ್ತ, ಹಿಂಬದಿಯ ಸ್ಲಾಟುಗಳು. ಹಳೆಯ ಕ್ಯಾಬಿನೆಟ್ಟಿನ ಈ ಜಾಗಗಳಲ್ಲಿ ಕಪ್ಪು ಗೆರೆಗಳಂತೆ ಧೂಳು ಕಟ್ಟಿರುವುದೇ ಇದಕ್ಕೆ ಸಾಕ್ಷಿ. ಒಳಗೆ ಊದುವ ಫ್ಯಾನುಗಳ ಬಲ ಹೆಚ್ಚಿದ್ದರೆ ಅದೇ ಸಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ. ಬರುವುದೆಲ್ಲ ಫಿಲ್ಟರ್ ಇರುವ ಒಂದೆರಡು ದಾರಿಯಿಂದ ಮಾತ್ರ. ಹಿಂಬದಿಯ ತೂತುಗಳಿಗೆ ಟೇಪ್ ಹಚ್ಚುತ್ತ ಕೂರುವವರು ವ್ಯರ್ಥ ಕೆಲಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಒಳಗೆ ಊದುವುದಕ್ಕೇ ಮೇಲುಗೈ ಕೊಡುವುದು ಹೊಸ ಯೋಚನೆಯೇನಲ್ಲ. 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ವಿನ್ಯಾಸದ ಮೊದಲ ರೂಪದಲ್ಲಿ ಪವರ್ ಸಪ್ಲೈನ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರ್ ಕಡೆಗೆ ಊದಬೇಕೆಂದೇ ಇತ್ತು. ಆದರೆ ಪವರ್ ಸಪ್ಲೈನಲ್ಲಿ ಕಾದ ಗಾಳಿಯೇ ಪ್ರೊಸೆಸರಿನ ಪಾಲಿಗೆ ಬರುತ್ತಿತ್ತು. ಪ್ರೊಸೆಸರುಗಳ ಕಾವು ಏರಿದಂತೆ ಆ ಕ್ರಮ ಬಿದ್ದುಹೋಗಿ ಫ್ಯಾನು ಗಾಳಿಯನ್ನು ಹೊರದೂಡತೊಡಗಿತು. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಬೇರೆ ಫ್ಯಾನೇ ಇರುತ್ತಿರಲಿಲ್ಲವಾದ್ದರಿಂದ ಅವೆಲ್ಲ ಧೂಳು ಹೀರುವ ಯಂತ್ರಗಳೇ ಆದವು.

ಮುಂದೆ ಎರಡು, ಹಿಂದೆ ಎರಡು ಫ್ಯಾನ್ ಇದ್ದರೆ ಸರಿಸಮ ಎಂದುಕೊಳ್ಳುವುದು ತಪ್ಪು ಲೆಕ್ಕ. ಮುಂದಿನ ಫ್ಯಾನುಗಳು ಫಿಲ್ಟರಿನ ಮೂಲಕ ಉಸಿರಾಡಬೇಕು, ಹಿಂದಿನವಕ್ಕೆ ತಡೆಯಿಲ್ಲ, ಹೊರಹೋಗುವುದಕ್ಕೇ ಮೇಲುಗೈ. ಬಿಸಿಗಾಳಿಯನ್ನು ಹಿಂಬದಿಯಿಂದ ಉಗುಳುವ ಗ್ರಾಫಿಕ್ಸ್ ಕಾರ್ಡನ್ನೂ, ಮೇಲ್ಭಾಗದಲ್ಲಿ ಕೂತು ಒಳಗಿನ ಗಾಳಿಯನ್ನೇ ಹೀರುವ ಪವರ್ ಸಪ್ಲೈಯನ್ನೂ ಹೊರದೂಡುವವರ ಪಟ್ಟಿಗೇ ಸೇರಿಸಬೇಕು. ತಳದಿಂದ ಗಾಳಿ ತೆಗೆದು ಹಿಂದಕ್ಕೆ ಬಿಡುವ ಈಗಿನ ಪವರ್ ಸಪ್ಲೈ ಈ ಜಗಳದಲ್ಲಿ ತಟಸ್ಥ. ನನ್ನ ಆಯ್ಕೆ ಮುಂದೆ 140 ಮಿಲಿಮೀಟರಿನ ಎರಡು, ಹಿಂದೆ 120 ಮಿಲಿಮೀಟರಿನ ಒಂದು. ಲೆಕ್ಕ ಸರಿಯಾಯಿತೇ ಎಂದು ನೋಡಲು ಉಪಕರಣ ಬೇಡ. ಮನೆಯ ಫ್ಯಾನ್ ಆರಿಸಿ, ಹಚ್ಚಿದ ಊದುಬತ್ತಿಯನ್ನು ಹಿಂಬದಿಯ ಸ್ಲಾಟಿನ ಬಳಿ ಹಿಡಿದರೆ ಹೊಗೆ ಒಳಗೆ ಬಾಗುತ್ತದೋ ಹೊರಗೆ ಚದುರುತ್ತದೋ ತಿಳಿಯುತ್ತದೆ. ಹೊಗೆ ಒಳಗೆ ಬಾಗಿದರೆ ಹಿಂದಿನ ಫ್ಯಾನಿನ ವೇಗ ತಗ್ಗಿಸಿ ಮತ್ತೆ ನೋಡಿ.

ಫಿಲ್ಟರ್ ಗಾಳಿಯನ್ನೇ ತಡೆಯುತ್ತದಲ್ಲ ಎಂಬುದು ಮೊದಲ ಆಕ್ಷೇಪ, ನ್ಯಾಯವಾದದ್ದೂ ಹೌದು. ಹೊಸದರಲ್ಲಿ ಅಳೆದರೆ ಫಿಲ್ಟರಿಲ್ಲದ ಕ್ಯಾಬಿನೆಟ್ ತಂಪಾಗಿಯೇ ಇರುತ್ತದೆ. ಆದರೆ ಹೊಸದರ ಅಳತೆಯನ್ನು ನಂಬಿ ವರ್ಷಗಟ್ಟಲೆ ಓಡಿಸುವ ಯಂತ್ರ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಕಂಬಳಿ ಹೊದ್ದ ಹೀಟ್‌ಸಿಂಕಿನ ಮುಂದೆ ಆ ಒಂದೆರಡು ಡಿಗ್ರಿ ಲಾಭ ನಿಲ್ಲದು. ಫಿಲ್ಟರ್ ಅಗಲವಾಗಿದ್ದಷ್ಟೂ ಗಾಳಿ ನಿಧಾನವಾಗಿ ಹಾಯುತ್ತದೆ, ತಡೆಯೂ ಇಳಿಯುತ್ತದೆ. ನೈಲಾನ್ ಜಾಲರಿ ನುಣ್ಣನೆ ಮಸಿಯನ್ನು ತಡೆಯಲಾರದು ಎಂಬುದೂ ನಿಜ. ತಡೆಯಬೇಕಾದದ್ದು ಎಳೆಯನ್ನು. ಎಳೆಯಿಲ್ಲದೆ ಮಸಿಗೆ ಕಟ್ಟಿಕೊಳ್ಳಲು ಆಸರೆ ಕಡಿಮೆ, ಬಹುಪಾಲು ಗಾಳಿಯೊಂದಿಗೆ ಆಚೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿದರಾಯಿತು ಎನ್ನುವವರಿಗೆ ಒಂದು ಮಾತು: ಎಣ್ಣೆಹೊಗೆಯಿಂದ ಅಂಟಿದ ಧೂಳು ಊದಿದರೆ ಪೂರ್ತಿ ಹೋಗುವುದಿಲ್ಲ, ಪವರ್ ಸಪ್ಲೈನ ಒಳಗಿನದಂತೂ ಕೈಗೆಟುಕುವುದೂ ಇಲ್ಲ. ಇನ್ನು ಪಕ್ಕದ ಬಾಗಿಲನ್ನೇ ತೆಗೆದಿಟ್ಟು ಟೇಬಲ್ ಫ್ಯಾನ್ ತಿರುಗಿಸುವ ಕಚೇರಿಗಳ ಪದ್ಧತಿಗೆ ಉತ್ತರ ಕೊಡುವ ಅಗತ್ಯ ಕಾಣೆ.

ಈ ವ್ಯವಸ್ಥೆಗೆ ಒಂದು ನಿಜವಾದ ದೌರ್ಬಲ್ಯವಿದೆ. ಫಿಲ್ಟರ್ ಕಟ್ಟಿಕೊಂಡಂತೆ ಒಳಬರುವ ಗಾಳಿ ಕುಗ್ಗಿ, ಯಾರಿಗೂ ತಿಳಿಯದಂತೆ ಒತ್ತಡ ತಿರುಗಿಬೀಳುತ್ತದೆ. ಸಂದಿಗಳು ಮತ್ತೆ ಹೀರತೊಡಗುತ್ತವೆ. ತೊಳೆಯದ ಫಿಲ್ಟರ್ ಇದ್ದೂ ಇಲ್ಲದಂತೆ. ಮಹಾನಗರದ ಕಟ್ಟಡ ಕಾಮಗಾರಿಯ ಪಕ್ಕದಲ್ಲಿ ವಾಸವಾದರೆ ತಿಂಗಳಿಗೊಮ್ಮೆಯಾದರೂ ನಲ್ಲಿ ನೀರಿಗೆ ಹಿಡಿದು, ಪೂರ್ತಿ ಒಣಗಿಸಿ ಹಾಕಬೇಕು. ಹಾಗಾಗಿ ಕ್ಯಾಬಿನೆಟ್ ಕೊಳ್ಳುವಾಗ ಅಂಗಡಿಯವನ ಮುಂದೆಯೇ ಫಿಲ್ಟರ್ ಎಳೆದು ನೋಡಿ. ಒಂದೇ ಕೈಯಲ್ಲಿ ಮುಂದಿನಿಂದ ಬಂದರೆ ತೆಗೆದುಕೊಳ್ಳಿ. ಅದಕ್ಕಾಗಿ ಪೆಟ್ಟಿಗೆಯನ್ನು ಮಲಗಿಸಿ ಸ್ಕ್ರೂ ಬಿಚ್ಚಬೇಕಾದರೆ, ಗಾಜಿನ ಬಾಗಿಲು ಬಣ್ಣದ ದೀಪ ಎಷ್ಟೇ ಚೆಂದವಿರಲಿ, ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ವಾಸಿ.