ಕಾನ್‌ಸ್ಟೆಬಲನ ಕರಡುಚಿತ್ರ

ಆಂಗ್ಲ ಚಿತ್ರಕಾರನಾದ ಜಾನ್ ಕಾನ್‌ಸ್ಟೆಬಲನು 1821ರಲ್ಲಿ ಪ್ರದರ್ಶಿಸಿದ ‘ಹೇ ವೇನ್’ ಎಂಬ ಹುಲ್ಲುಬಂಡಿಯ ಚಿತ್ರಕ್ಕೆ ಮೊದಲು, ಅದೇ ಅಳತೆಯ, ಸುಮಾರು ಆರಡಿ ಅಗಲದ ಕರಡೊಂದನ್ನು ತೈಲವರ್ಣದಲ್ಲಿಯೇ ಬರೆದುಕೊಂಡಿದ್ದನು. ಕರಡು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿದ್ಧಚಿತ್ರವು ಅದೇ ನಗರದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕರಡಿನ ಬಿರುಸಾದ ಕುಂಚಗತಿಗೆ ಮನಸೋತ ರಸಿಕರು ಅದನ್ನೇ ಶ್ರೇಷ್ಠವೆಂದು ಹೊಗಳುವುದುಂಟು. ಆ ಆವೇಶವು ಮನೋಹರವೇ ಸರಿ. ಆದರೂ ನಮ್ಮ ಮತವು ಸಿದ್ಧಚಿತ್ರದ ಕಡೆಗೆ. ಕರಡಿನಲ್ಲಿ ಹೊಳೆಯ ಈಚೆ ದಡದ ನಾಯಿಯ ಬಳಿ ಸವಾರನೊಡನೆ ಕುದುರೆಯೊಂದು ನಿಂತಿದೆ. ಸಿದ್ಧಚಿತ್ರದಲ್ಲಿ ಚಿತ್ರಕಾರನು ಅದನ್ನು ಕೈಬಿಟ್ಟು, ಆ ಎಡೆಯಲ್ಲಿ ಪೀಪಾಯಿಯೊಂದನ್ನು ಬರೆದು, ಕಡೆಗೆ ಅದನ್ನೂ ಬಣ್ಣದಿಂದ ಮುಚ್ಚಿಬಿಟ್ಟನು. ಆದ್ದರಿಂದಲೇ ನಮ್ಮ ದೃಷ್ಟಿಯು ತಡೆಯಿಲ್ಲದೆ ನೀರಿನ ನಡುವಣ ಬಂಡಿಯನ್ನು ಸೇರುತ್ತದೆ.